ಆಯಿ ಬಿಟ್ಟುಕೊಟ್ಟ ಹೆಸರು

ಇವತ್ತು ಸಯನ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಒಂದು ಮರಾಠಿ ಮಗು "ಆಯೀ" ಎಂದು ಅಳುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಆಂಟಾಪ್ ಹಿಲ್ಲಿನ ನಮ್ಮ ಚಾಳಿನಲ್ಲಿ ಆ ಪದಕ್ಕೆ ಬಾಗಿಲಿಗೊಂದು ಅರ್ಥವಿತ್ತು. ವಿಜಯಪುರದಿಂದ ಬಂದ ನಮಗೆ ಆಯಿ ಎಂದರೆ ಅಜ್ಜಿ. ಪಕ್ಕದ ಖೋಲಿಯ ಮರಾಠಿಯವರಿಗೆ ತಾಯಿ. ಎದುರಿನ ಹಿಂದಿಯವರಿಗೆ 'ಬಂದಳು' ಎಂದಷ್ಟೇ.

ನನ್ನ ತಮ್ಮನನ್ನು ಹೆತ್ತ ಮೂರನೆಯ ದಿನ ಅವ್ವ ತೀರಿಕೊಂಡಳು. ಅದೇ ವಾರ ಪಕ್ಕದ ಖೋಲಿಯ ಮರಾಠಿ ಶಾಲಿನಿ ಕಾಕೂನ ಎಳೆಗೂಸೂ ತೀರಿಹೋಗಿತ್ತು. ಪರರ ಮನೆಯ ನೀರನ್ನೂ ಮುಟ್ಟದ ನಮ್ಮ ಆಯಿ, ತಮ್ಮನನ್ನು ಸೆರಗಿನಲ್ಲಿ ಸುತ್ತಿ ಒಯ್ದು ಕಾಕೂನ ಮಡಿಲಲ್ಲಿಟ್ಟಳು.

"ಹಾಲ ಕುಡಸವ್ವಾ ತಂಗಿ, ಇದಾದ್ರೂ ಉಳೀಲಿ," ಎಂದಳು. ಕಾಕೂ ಅಳುತ್ತಲೇ ಅವನನ್ನು ಎದೆಗೆ ಹಚ್ಚಿಕೊಂಡಳು.

ವರ್ಷ ತುಂಬುವ ಹೊತ್ತಿಗೆ ತಮ್ಮ ಮೊದಲ ಮಾತಾಡಿದ. ಕಾಕೂನತ್ತ ಕೈಚಾಚಿ "ಆಯಿ" ಎಂದ. ಕಾಕೂ ಹೆದರಿ ನಮ್ಮ ಅಜ್ಜಿಯ ಮುಖ ನೋಡಿದಳು.

ಅಜ್ಜಿ ನಮ್ಮತ್ತ ತಿರುಗಿ, "ಇನ್ನ ನನಗ ಯಾರೂ ಆಯಿ ಅನಬ್ಯಾಡ್ರಿ. ಆ ಹೆಸರು ಆಕೀದು," ಎಂದಳು.

ಬೇರೆ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ. ಅವಳು ಸಾಯುವತನಕ ನಾವು ಅವಳನ್ನು ಏನೆಂದೂ ಕರೆಯಲಿಲ್ಲ.

ನನ್ನ ಮೊಮ್ಮಕ್ಕಳು ನನಗೆ ಅಜ್ಜಿ ಎನ್ನುತ್ತಾರೆ. ಆಯಿ ಎನ್ನಲು ನಾನು ಬಿಟ್ಟಿಲ್ಲ.