ಜೋಡಿಯಲ್ಲದ ಎರಡು ಕನ್ನಡಿ

ಎರಡು ವರ್ಷಗಳ ಹಿಂದೆ, ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ, ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಹೋಗುತ್ತಿದ್ದ ಮೋಟಾರ್ ಸೈಕಲ್ಲಿಗೆ ಹಿಂದಿನಿಂದ ನೀರಿನ ಟ್ಯಾಂಕರ್ ಡಿಕ್ಕಿ ಹೊಡೆಯಿತು. ಸವಾರ ಸ್ಥಳದಲ್ಲೇ ಮೃತಪಟ್ಟರು. ಅವರು ಪತ್ರಿಕಾ ಛಾಯಾಗ್ರಾಹಕರು. ಮಾರುಕಟ್ಟೆಗೆ ಬಂದಿಳಿದ ಕಬ್ಬಿನ ರಾಶಿಯ ಚಿತ್ರ ತೆಗೆಯಲು ಹೊರಟಿದ್ದರು. ಅವರಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ.

ಕಿವಿಗಳು ಮಾತ್ರ ದೊಡ್ಡವು. ಹಾಲೆಗಳು ಇಳಿಬಿದ್ದಿದ್ದವು, ಚಿಕ್ಕಂದಿನಲ್ಲಿ ಚುಚ್ಚಿಸಿದ ತೂತು ಇನ್ನೂ ಮುಚ್ಚಿರಲಿಲ್ಲ. ಹೆಲ್ಮೆಟ್ ತೆಗೆದಾಗ ಎರಡೂ ಕೆಂಪಗಾಗಿ ಮಡಿಸಿಕೊಂಡಿರುತ್ತಿದ್ದವು. ಅವನ್ನು ಬೆರಳಿನಿಂದ ಬಿಡಿಸುತ್ತ, "ಶೋಕಿಗೆ ಇಟ್ಕೊಂಡೀನಿ" ಎನ್ನುತ್ತಿದ್ದರು. ಕಲಬುರಗಿ ಕಡೆಯವರಾದ್ದರಿಂದ ಕಚೇರಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದು ಕರೆಯುತ್ತಿದ್ದೆವು. ಕಾಕ್ಸ್ ಟೌನಿನ ಒಂದು ಹಳೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಅಲ್ಲಿ ಊಟ ಮಾಡಿದವರಿಗೆಲ್ಲ ಅವರ ಹೆಂಡತಿ ಕಾಕು.

ನಾನು ವರದಿಗಾರ್ತಿಯಾಗಿ ಸೇರುವುದಕ್ಕೆ ಕೆಲವು ವರ್ಷ ಮೊದಲು ಅವರಿಗೆ ಕ್ಷಯ ಬಂದಿತ್ತು. ಸಾಮಾನ್ಯ ಮಾತ್ರೆಗೆ ಬಗ್ಗುವ ಕ್ಷಯವಲ್ಲ. ತಿಂಗಳುಗಟ್ಟಲೆ ಕೊಟ್ಟ ಇಂಜೆಕ್ಷನ್ ಎದೆಯನ್ನು ಉಳಿಸಿತು, ಕಿವಿಯನ್ನು ತೆಗೆದುಕೊಂಡಿತು. ಶ್ರವಣಯಂತ್ರ ಹೆಲ್ಮೆಟ್ಟಿನೊಳಗೆ ಕೀಚುಗುಟ್ಟುತ್ತಿತ್ತು. ಅದನ್ನು ಡಬ್ಬಿಯಲ್ಲಿಟ್ಟು ಮರೆತರು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು. ತಮ್ಮ ದನಿಯ ಅಳತೆ ಅವರಿಗೆ ಸಿಗುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಚಿತ್ರ ತೆಗೆಯುತ್ತ, ನನ್ನ ಕಿವಿಯಲ್ಲಿ ಹೇಳುತ್ತಿದ್ದೇನೆಂದುಕೊಂಡು, "ಅಳೋರಿಗಿಂತ ನೋಡೋರೇ ಜಾಸ್ತಿ ಅದಾರ" ಎಂದು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ್ದುಂಟು. ತಿಂಗಳ ಸಭೆಗಳಲ್ಲಿ ಮುಖ್ಯ ವರದಿಗಾರರ ಭಾಷಣ ಮುಗಿದ ಮೇಲೆ, "ನನಗಿದು ಕೇಳ್ಸಂಗಿಲ್ಲ, ಅದಕ್ಕೇ ಇಷ್ಟು ವರ್ಷ ನೌಕರಿ ಮಾಡೀನಿ" ಎನ್ನುತ್ತಿದ್ದರು. ಮುಖ್ಯ ವರದಿಗಾರರೂ ನಗುತ್ತಿದ್ದರು.

ನನ್ನ ಮೊದಲ ದೊಡ್ಡ ವರದಿ ಹಲಸೂರಿನಲ್ಲಿ ಕುಸಿದ ಒಂದು ಗೋಡೆಯದು. ಅಕ್ಕಪಕ್ಕದವರು ಹೇಳಿದ್ದನ್ನೆಲ್ಲ ಬರೆದುಕೊಂಡು ನಿಂತಿದ್ದೆ. ಕಾಕಾ ಹತ್ತಿರ ಬಂದು, "ತಂಗೀ, ಒಳಗ ಹೋಗಿ ನೋಡ್ದ್ಯಾ?" ಎಂದರು. ಇಲ್ಲ ಎಂದು ತಲೆಯಾಡಿಸಿದೆ. "ನೋಡಿದ್ದು ಬರಿ. ಕೇಳಿದ್ದು ನನಗ ತೋರಿಸಬ್ಯಾಡ, ನನಗ ಕೇಳ್ಸಂಗಿಲ್ಲ." ಒಳಗೆ ಹೋಗಿ ನೋಡಿದೆ. ಸತ್ತವರು ಮೂವರೆಂದು ಜನ ಹೇಳುತ್ತಿದ್ದರು. ಸತ್ತವರು ಒಬ್ಬರು.

ಕಾಕಾ ಅವರದು ದೂರ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಮೋಟಾರ್ ಸೈಕಲ್. ಎರಡೂ ಬದಿಗೆ ಡಬ್ಬಿಗಳು, ಅವುಗಳಲ್ಲಿ ಕ್ಯಾಮೆರಾ. ದಸರೆಗೆ ಅದರಲ್ಲೇ ಊರಿಗೆ ಹೋಗಿ ಬರುತ್ತಿದ್ದರು. ಕೋಲಾರ, ಮುಳಬಾಗಿಲು, ಹೊಸಕೋಟೆ ಎಲ್ಲ ಕಡೆಗೂ ನಾನು ಅದರ ಹಿಂದಿನ ಸೀಟಿನಲ್ಲಿ ಹೋಗಿದ್ದೇನೆ. ಈ ಊರಿನಲ್ಲಿ ವಾಹನ ಓಡುವುದು ಹಾರ್ನಿನ ಮೇಲೆ. ಅದು ಕೇಳಿಸದವರಿಗೆ ಬೇರೆ ವ್ಯವಸ್ಥೆ ಬೇಕು. ನಮ್ಮ ವ್ಯವಸ್ಥೆ ನನ್ನ ಕೈ. ಎಡಭುಜ ತಟ್ಟಿದರೆ ಎಡಕ್ಕೆ ವಾಹನ, ಬಲಭುಜ ತಟ್ಟಿದರೆ ಬಲಕ್ಕೆ. ಎರಡು ಸಲ ತಟ್ಟಿದರೆ ಲಾರಿ ಅಥವಾ ಬಸ್ಸು. ಬೆನ್ನಿಗೆ ಅಂಗೈ ಒತ್ತಿದರೆ, ಏನನ್ನೂ ಕೇಳದೆ ನಿಧಾನಿಸಬೇಕು. ಅವರು ಯಾವತ್ತೂ ಹಿಂತಿರುಗಿ ನೋಡಿದವರಲ್ಲ.

ನಂತರ ನನ್ನನ್ನು ಕಚೇರಿಯಲ್ಲೇ ಕೂತು ವರದಿ ತಿದ್ದುವ ಡೆಸ್ಕಿಗೆ ಹಾಕಿದರು. ಹಿಂದಿನ ಸೀಟು ಖಾಲಿಯಾಯಿತು. ಒಬ್ಬರೇ ಓಡಿಸುವುದು ಬೇಡ, ಕಚೇರಿಯೊಳಗೇ ಕೂತು ಹಳೆಯ ಚಿತ್ರಗಳನ್ನು ಜೋಡಿಸಲಿ ಎಂದು ಮೇಲಿನವರು ಹೇಳಿದರು. ಕಾಕಾ ಅವರ ಲೈಸೆನ್ಸ್ ಊರ್ಜಿತವಾಗಿತ್ತು. ಕಿವಿಯ ವಿಷಯವನ್ನು ಅವರು ಎಲ್ಲೂ ಮುಚ್ಚಿಟ್ಟಿರಲಿಲ್ಲ. ಮುಖ್ಯ ವರದಿಗಾರರ ಮೇಜಿನ ಮುಂದೆ ನಿಂತು, "ಒಳಗ ಕೂಡ್ಸಿದ್ರ ನಾ ಸತ್ತಂಗೇ. ಹದಿನೈದು ದಿನ ಕೊಡ್ರಿ, ಹಿಂದಿಂದು ನೋಡಾಕ ಏನರ ಮಾಡ್ತೀನಿ" ಎಂದರು. ಮುಂದಿನ ವಾರದ ರಜೆಯ ದಿನ ನನ್ನನ್ನು ಕೂರಿಸಿಕೊಂಡು ಶಿವಾಜಿನಗರಕ್ಕೆ ಹೋದರು.

ಬೈಕಿನ ಜೊತೆ ಬಂದಿದ್ದ ಕನ್ನಡಿಯಲ್ಲಿ ಅವರ ಮೊಣಕೈ ಮತ್ತು ಡಬ್ಬಿಯ ಮುಚ್ಚಳ ಕಾಣುತ್ತಿದ್ದವು. ವೇಗ ಹೆಚ್ಚಿದರೆ ಅವೂ ಅದುರಿ ಕದಡುತ್ತಿದ್ದವು. ಬಿಡಿಭಾಗಗಳ ಗಲ್ಲಿಯಲ್ಲಿ ಒಂದು ಅಂಗಡಿಯವರು ಹೊಸ ಕನ್ನಡಿಗಳನ್ನು ಒಂದೊಂದಾಗಿ ತೆಗೆದು ಅವರ ಮುಖದ ಮುಂದೆ ಹಿಡಿದರು. ಅಲ್ಲಿಗೆ ಬರುವವರೆಲ್ಲ ಹಾಗೇ ನೋಡುವುದು: ಕನ್ನಡಿ ಹಿಡಿದೊಡನೆ ಕೂದಲು ಸರಿಮಾಡಿಕೊಂಡು, ಚೆನ್ನಾಗಿದೆ ಅನ್ನುವುದು.

"ನನ್ನ ಮಾರಿ ನನಗ ಗೊತ್ತದ" ಎಂದು ಕಾಕಾ ಕನ್ನಡಿಯನ್ನು ಹೊರಗೆ ತಿರುಗಿಸಿದರು. "ರಸ್ತಾ ತೋರಸ್ರಿ."

ಅಂಗಡಿಯವರು ಏನೋ ಹೇಳಿದರು. ಅವರ ಮೀಸೆ ತುಟಿಯ ಮೇಲೆ ಇಳಿದಿತ್ತು. "ಭಾಯ್, ಮೀಸಿ ತಗೀರಿ, ಅಂದ್ರ ಕೇಳ್ತದ" ಎಂದರು ಕಾಕಾ.

"ಅರೆ, ಏನ್ ಮೇಡಂ ಇವರು" ಎಂದು ಅಂಗಡಿಯವರು ನನ್ನ ಕಡೆ ತಿರುಗಿದರು. "ಉಬ್ಬು ಗಾಜು ತಗೊಳ್ಳಿ ಅಂತ ಹೇಳಿ. ಪೂರಾ ರೋಡ್ ಕಾಣತ್ತೆ. ಎಲ್ಲಾ ಅದೇ ಒಯ್ಯೋದು."

ಕಾಕಾ ಕ್ಯಾಮೆರಾ ಚೀಲವನ್ನು ಕೌಂಟರಿನ ಮೇಲಿಟ್ಟರು. ಅದನ್ನು ಅವರು ಬೇರೆಯವರ ಬಳಿ ಬಿಟ್ಟುಹೋದದ್ದನ್ನು ನಾನು ಆ ದಿನ ಮಾತ್ರ ನೋಡಿದೆ. "ಇದು ಇಲ್ಲಿರ್ಲಿ. ಒಂದು ಜೋಡಿ ಹಾಕಿ ಕೊಡ್ರಿ, ಓಡ್ಸಿ ಬರ್ತೀನಿ."

ಹಲಸೂರು ಕೆರೆಯವರೆಗೆ ಹೋಗಿ ಬಂದೆವು. ನನ್ನ ಕೈ ತೊಡೆಯ ಮೇಲಿರಬೇಕು, ತಟ್ಟುವಂತಿಲ್ಲ ಎಂದು ಅಪ್ಪಣೆಯಾಗಿತ್ತು. ಅವರು ಕನ್ನಡಿ ನೋಡುತ್ತ ಹಿಂದಿರುವುದನ್ನೆಲ್ಲ ಗಟ್ಟಿಯಾಗಿ ಒದರುತ್ತ ಹೋದರು. "ಎಡಕ್ಕ ಆಟೋ. ಅದರ ಹಿಂದ ಸ್ಕೂಟಿ, ಹುಡುಗಿ ಫೋನಿನಾಗ ಅದಾಳ. ಬಲಕ್ಕ ಸಿಟಿ ಬಸ್, ದೂರದಾಗ ಅದ." ನಾನು ತಿರುಗಿ ತಾಳೆ ನೋಡುತ್ತಿದ್ದೆ. ಬಸ್ಸು ದೂರವಿರಲಿಲ್ಲ. ಅದರ ಮುಂಗಾಜಿನ ಮೇಲಿನ ಕುಂಕುಮ ಕಾಣುವಷ್ಟು ಹತ್ತಿರವಿತ್ತು. ಬೆನ್ನಿಗೆ ಅಂಗೈ ಒತ್ತಿದೆ. ಕೆರೆಯ ಬಳಿ ಬೈಕ್ ನಿಲ್ಲಿಸಿ, ಬಸ್ಸು ಪಕ್ಕದಲ್ಲಿ ಹಾದುಹೋಗುವುದನ್ನು ನೋಡಿದರು.

"ಉಬ್ಬು ಗಾಜಿನಾಗ ಎಲ್ಲಾ ಕಾಣ್ತದ. ಆದ್ರ ಎಲ್ಲಾ ಸಣ್ಣದಾಗಿ ದೂರ ಕಾಣ್ತದ" ಎಂದರು.

ಅಂಗಡಿಗೆ ಹಿಂತಿರುಗಿ ಚಪ್ಪಟೆ ಗಾಜಿನ ಜೋಡಿ ಹಾಕಿಸಿ ಇನ್ನೊಂದು ಸುತ್ತು ಹೋದೆವು. ಅದರಲ್ಲಿ ದೂರ ಸರಿಯಾಗಿ ಕಾಣುತ್ತಿತ್ತು, ಆದರೆ ಎಡಕ್ಕೆ ನುಸುಳಿ ಬರುವ ಸ್ಕೂಟರುಗಳು ಅಂಚಿನಾಚೆ ತಪ್ಪಿಹೋಗುತ್ತಿದ್ದವು. ಕೊನೆಗೆ ಅವರು ತೀರ್ಮಾನಿಸಿದ್ದು ಇಷ್ಟು: ದೊಡ್ಡ ವಾಹನ ಮುಂದೆ ಹೋಗುವುದು ಬಲದಿಂದ, ಅಲ್ಲಿ ದೂರ ತಿಳಿಯಬೇಕು, ಆದ್ದರಿಂದ ಬಲಕ್ಕೆ ಚಪ್ಪಟೆ ಗಾಜು. ಸಣ್ಣವು ನುಸುಳುವುದು ಎಡದಿಂದ, ಅಲ್ಲಿ ಅಗಲ ಕಾಣಬೇಕು, ಆದ್ದರಿಂದ ಎಡಕ್ಕೆ ಉಬ್ಬು ಗಾಜು. ಎರಡಕ್ಕೂ ಉದ್ದ ಕಡ್ಡಿ.

"ಜೋಡಿ ಒಡೆಯಕ್ಕಾಗಲ್ಲ ಸಾರ್" ಎಂದರು ಅಂಗಡಿಯವರು. "ಉಳಿದಿದ್ದು ಒಂದು ಎಡ, ಒಂದು ಬಲ. ಅದನ್ನ ನಾನು ಯಾರಿಗೆ ಮಾರಲಿ? ಎರಡೂ ಬೇರೆ ಬೇರೆ ಕಣ್ಣಿರೋರಿಗಾ?"

ಇದನ್ನು ನಾನು ತುಟಿಯಲ್ಲಿ ಮರುಹೇಳಿದೆ. ಕಾಕಾ ನಕ್ಕು ಎರಡೂ ಜೋಡಿ ಕೊಂಡರು. ಬೇಡವಾದ ಎರಡನ್ನು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು, ಒಂದು ಒಡೆದರೆ ಬೇಕಾಗುತ್ತದೆ ಎಂದು ಮನೆಯ ಅಟ್ಟದ ಮೇಲಿಟ್ಟರು.

ಮುಖ್ಯ ವರದಿಗಾರರು ಒಂದು ದಿನ ತಾವೇ ಹಿಂದೆ ಕೂತು ನೋಡಿ ಒಪ್ಪಿಕೊಂಡರು. ಆಮೇಲೆ ಮೂರು ವರ್ಷ ಕಾಕಾ ಒಬ್ಬರೇ ಓಡಿಸಿದರು. ದಿನಾ ಬೆಳಿಗ್ಗೆ ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆಯಿಂದಲೇ ಕನ್ನಡಿ ಒರೆಸುತ್ತಿದ್ದರು. ಇಂದಿರಾನಗರದ ಒಂದು ಸಿಗ್ನಲ್ಲಿನಲ್ಲಿ ಹಿಂದಿನ ಆಟೋದವನು ಹಾರ್ನ್ ಒತ್ತಿ ಒತ್ತಿ ಸೋತು ಬೈಯತೊಡಗಿದನಂತೆ. ಇವರು ಕನ್ನಡಿಯಲ್ಲಿ ಅವನ ತುಟಿ ನೋಡಿ, ಬೈಗುಳ ಪೂರ್ತಿಯಾಗುವವರೆಗೆ ಕಾದು, ಹಸಿರು ಬಿದ್ದ ಮೇಲೆ ಕೈ ಮುಗಿದು ಹೊರಟರಂತೆ. ಸಂಜೆ ಡೆಸ್ಕಿಗೆ ಬಂದು ಆ ಬೈಗುಳವನ್ನು ಅಕ್ಷರ ಬಿಡದೆ ಒಪ್ಪಿಸಿದರು. "ನಮ್ಮ ಅಪ್ಪನ ತಂಕ ಹೋಗಿದ್ದ" ಎಂದರು.

ಸಂಕ್ರಾಂತಿಯ ಹಿಂದಿನ ದಿನ ಸುದ್ದಿ ಬಂದಾಗ ನಾನು ಶವಾಗಾರಕ್ಕೆ ಹೋದೆ. ಆ ದಿನ ಬೈಕನ್ನು ನೋಡಲು ಯಾರೂ ಹೋಗಲಿಲ್ಲ. ಅಪಘಾತದ ಜಾಗಕ್ಕೆ ನಮ್ಮ ಪತ್ರಿಕೆಯಿಂದ ಛಾಯಾಗ್ರಾಹಕರು ಹೋಗಿರಲಿಲ್ಲ. ಊರಿನ ಆ ಭಾಗದ ಚಿತ್ರ ತೆಗೆಯುವ ಕೆಲಸ ಕಾಕಾ ಅವರದೇ ಆಗಿತ್ತು. ಪೊಲೀಸರು ತೆಗೆದ ಚಿತ್ರಗಳಲ್ಲಿ ಬೈಕಿನ ಹಿಂಭಾಗ ಮತ್ತು ಟ್ಯಾಂಕರಿನ ಮುಂಭಾಗ ಇವೆ, ಹ್ಯಾಂಡಲ್ ಇಲ್ಲ. ಕೆಲವು ದಿನಗಳ ನಂತರ ಮೋಟಾರು ವಾಹನ ನಿರೀಕ್ಷಕರು ಠಾಣೆಯ ಆವರಣದಲ್ಲಿ ಬೈಕನ್ನು ಪರಿಶೀಲಿಸಿದರು. ಎರಡೂ ಬದಿಯ ಕನ್ನಡಿಗಳಿಲ್ಲ ಎಂದು ವರದಿ ಕೊಟ್ಟರು. ವರದಿ ಸರಿಯಾಗಿಯೇ ಇತ್ತು. ನಾನು ಹೋಗಿ ನೋಡಿದಾಗಲೂ ಕನ್ನಡಿಗಳಿರಲಿಲ್ಲ. ಅವು ಮುರಿದು ಬಿದ್ದಿರಲಿಲ್ಲ, ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿ ಒಯ್ದಿದ್ದರು. ರಸ್ತೆಯಲ್ಲಿ ಬಿಚ್ಚಿದರೋ, ಬೈಕ್ ಸಾಗಿಸುವಾಗಲೋ, ಆಮೇಲೋ ಗೊತ್ತಿಲ್ಲ. ಅಂಥ ಕನ್ನಡಿಗೆ ಬೇಡಿಕೆಯಿದೆ.

ಕಾಕು ಪರಿಹಾರಕ್ಕಾಗಿ ಅರ್ಜಿ ಹಾಕಿದರು. ನ್ಯಾಯಮಂಡಳಿಯಲ್ಲಿ ಟ್ಯಾಂಕರ್ ಚಾಲಕ, ನಾಲ್ಕೈದು ಸಲ ಹಾರ್ನ್ ಹೊಡೆದೆ, ಬೈಕಿನವರು ಸರಿಯಲೇ ಇಲ್ಲ ಎಂದು ಹೇಳಿದ. ಅದು ನಿಜವಿರಬಹುದು. ಹಾರ್ನ್ ಹೊಡೆದರೂ ಬ್ರೇಕ್ ಯಾಕೆ ಹಾಕಲಿಲ್ಲ ಎಂದು ಕಾಕು ಪರ ವಕೀಲರು ಕೇಳಿದಾಗ, ಸರಿಯುತ್ತಾರೆ ಅಂದುಕೊಂಡೆ ಎಂದ. ಟ್ಯಾಂಕರಿನ ವಿಮಾ ಕಂಪನಿಯ ವಕೀಲರು ಎರಡು ಮಾತು ಹಿಡಿದರು: ಸವಾರನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಬೈಕಿಗೆ ಕನ್ನಡಿ ಇರಲಿಲ್ಲ.

ನಾನು ಸಾಕ್ಷಿ ಹೇಳಲು ಹೋದ ದಿನ ಕಾಕು ಬಟ್ಟೆಯ ಚೀಲದಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ತಂದಿದ್ದರು. "ನೋಡ್ಲಿ ಅವರು" ಎಂದರು. "ಹ್ಯಾಂಗ ಆರಿಸಿ ತಂದಿದ್ರು ಅಂತ ನೀ ಹೇಳವ್ವ." ನಮ್ಮ ವಕೀಲರಿಗೂ ಅದು ಸರಿ ಎನ್ನಿಸಿತು. ಹಲಸೂರು ಕೆರೆಯ ಎರಡು ಸುತ್ತನ್ನು ನಾನು ವಿವರಿಸಿದೆ. ಉಳಿದ ಎರಡು ಕನ್ನಡಿಗಳು ಮೇಜಿನ ಮೇಲಿದ್ದವು. ವಿಮಾ ಕಂಪನಿಯ ವಕೀಲರು ಎದ್ದು ಒಂದನ್ನು ಕೈಗೆ ತೆಗೆದುಕೊಂಡರು.

"ಇದು ಎಡಗಡೇದು, ಅದು ಬಲಗಡೇದು. ಸರೀನಾ ಮೇಡಂ?"

"ಹೌದು."

"ಆ ಬೈಕಿಗೇ ತಂದಿದ್ದು?"

"ಹೌದು. ಆದರೆ ಇವು ಉಳಿದವು. ಹಾಕಿದ್ದು ಬೇರೆ."

"ಅಂದ್ರೆ ಒಂದು ಬೈಕಿಗೆ ನಾಲ್ಕು ಕನ್ನಡಿ ತಗೊಂಡ್ರು ಅಂತೀರಿ." ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಅಪಘಾತದ ದಿನ ನೀವು ಹಿಂದೆ ಕೂತಿದ್ರಾ?"

"ಇಲ್ಲ."

"ಅವತ್ತು ಬೆಳಿಗ್ಗೆ ಬೈಕ್ ನೋಡಿದ್ರಾ? ಕನ್ನಡಿ ಇದ್ದಿದ್ದು ಕಣ್ಣಾರೆ ಕಂಡ್ರಾ?"

ಅವರು ದಿನವೂ ಕನ್ನಡಿ ಒರೆಸಿಯೇ ಹೊರಡುತ್ತಿದ್ದರೆಂದು ನನಗೆ ಗೊತ್ತಿತ್ತು. ಆ ಬೆಳಿಗ್ಗೆ ನಾನು ನೋಡಿರಲಿಲ್ಲ. ಇಲ್ಲ ಎಂದೆ. ಬೆರಳಚ್ಚುಗಾರರು ಅದನ್ನು ಬರೆದುಕೊಂಡರು.

ಮನೆಯಿಂದ ಹೊರಟಾಗ ಕನ್ನಡಿಗಳಿದ್ದವು ಎಂದು ಕಾಕು ಹೇಳಿದರು. ಅವರು ಅರ್ಜಿದಾರರು, ಹಿತಾಸಕ್ತಿ ಇರುವವರು ಎಂದು ವಿಮಾ ಕಂಪನಿಯ ವಕೀಲರು ಆಕ್ಷೇಪಿಸಿದರು.

ಕಳೆದ ದೀಪಾವಳಿಗೆ ಮೊದಲು ಆದೇಶ ಬಂತು. ಚಾಲಕನ ನಿರ್ಲಕ್ಷ್ಯ ಸಾಬೀತಾಗಿದೆ ಎಂದು ಅದರಲ್ಲಿದೆ. ಶ್ರವಣದೋಷವಿದ್ದ ಮೃತರು, ಕೊಂಡ ಕನ್ನಡಿಗಳನ್ನು ಮನೆಯಲ್ಲಿಟ್ಟು ವಾಹನ ಚಲಾಯಿಸಿದ್ದರಿಂದ ಅಪಘಾತಕ್ಕೆ ಅವರೂ ಅರ್ಧ ಹೊಣೆ ಎಂದೂ ಇದೆ. ಪರಿಹಾರವನ್ನು ಅರ್ಧಕ್ಕಿಳಿಸಲಾಗಿದೆ.

ಕಾಕು ವಕೀಲರ ಕಚೇರಿಯಲ್ಲಿ ಆದೇಶವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. "ರೊಕ್ಕ ಹ್ಯಾಂಗರ ಇರ್ಲಿ" ಎಂದರು. "ಕನ್ನಡಿ ಮನ್ಯಾಗಿಟ್ಟು ಹೋಗಿದ್ರು ಅಂತ ಬರ್ದಾರಲ್ರಿ, ಆ ಒಂದು ಸಾಲು ತಗಸ್ರಿ."

"ಅಮ್ಮಾ, ಒಂದು ಸಾಲು ತೆಗೀರಿ ಅಂತ ಮೇಲ್ಮನವಿ ಹಾಕೋಕೆ ಬರಲ್ಲ" ಎಂದರು ವಕೀಲರು. "ದುಡ್ಡು ಕಮ್ಮಿ ಆಯ್ತು ಅಂತಾನೇ ಹಾಕ್ಬೇಕು. ಅದನ್ನ ನೋಡುವಾಗ ಈ ಸಾಲೂ ನೋಡ್ತಾರೆ."

"ಹಂಗಾದ್ರ ನಾ ರೊಕ್ಕದ ಸಲುವಾಗಿ ಬಂದೀನಿ ಅಂತ ತಿಳ್ಕೋತಾರ."

"ತಿಳ್ಕೊಳ್ಳಿ ಬಿಡಿ ಅಮ್ಮಾ."

ಕಾಕು ಸಹಿ ಹಾಕಿದರು. ಪರಿಹಾರ ಹೆಚ್ಚಿಸಬೇಕೆಂದು ಕೋರಿದ ಮೇಲ್ಮನವಿ ಹೈಕೋರ್ಟಿನಲ್ಲಿ ಸಲ್ಲಿಕೆಯಾಗಿದೆ. ಅದಕ್ಕೆ ಸಂಖ್ಯೆ ಸಿಕ್ಕಿದೆ. ಇದುವರೆಗೆ ವಿಚಾರಣೆಗೆ ಬಂದಿಲ್ಲ.