ಚರ್ಚಿನಂಗಳದಲ್ಲಿ ಮಾದಪ್ಪನ ಹಾಡು

ನಾನು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಕಾಲದಲ್ಲಿ ಕೊಳ್ಳೇಗಾಲ, ಯಳಂದೂರು, ಹನೂರು ಸುತ್ತ ಯಾವ ದೇವರ ಹಬ್ಬಕ್ಕೆ ಕರೆದರೂ ಹೋಗುತ್ತಿದ್ದೆ. ಎಲ್ಲ ದೇವರ ಹಾಡುಗಳೂ ಒಂದೇ ಪೆನ್‌ಡ್ರೈವ್‌ನಲ್ಲಿದ್ದವು.

ಒಮ್ಮೆ ಹನೂರಿನಾಚೆಯ ಹಳ್ಳಿಯೊಂದರ ಚರ್ಚಿನಲ್ಲಿ ಮರಿಯಮ್ಮನವರ ಹಬ್ಬ. ಬೆಳಗಿನ ಪೂಜೆಗೆ ಜನ ಮೇಣದಬತ್ತಿ ಹಿಡಿದು ಚರ್ಚಿನ ಅಂಗಳದಲ್ಲಿ ಕೂತಿದ್ದರು. ಫಾದರ್ ಕೈಸನ್ನೆ ಮಾಡಿದರು, ನಾನು ಗುಂಡಿ ಒತ್ತಿದೆ. ನಾಲ್ಕೂ ಹಾರ್ನ್‌ಗಳಲ್ಲಿ ಕಂಸಾಳೆ ಸಮೇತ ಮಾದಪ್ಪನ ಹಾಡು ಹೊರಟಿತು.

ಗಾಬರಿಗೆ ಅದನ್ನು ನಿಲ್ಲಿಸುವ ಗುಂಡಿಯೇ ಸಿಗಲಿಲ್ಲ. ಇಬ್ಬರು ಗಂಡಸರು ಎದ್ದು ನನ್ನತ್ತ ಬಂದರು. ಇವತ್ತು ಸೆಟ್ಟೂ ಉಳಿಯೋದಿಲ್ಲ, ನಾನೂ ಉಳಿಯೋದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದರು.

"ಇರ್ಲಿ ಬುಡ್ರಪ್ಪ, ಮುಗೀಲಿ. ನಮ್ಮವ್ವ ರಾಗಿ ಬೀಸ್ವಾಗ ಇದೇ ಪದ ಏಳ್ತಿದ್ಲು."

"ನಿಮ್ಮವ್ವನೂ ಚರ್ಚಿಗೆ ಬರೋರಾ?" ಅಂದೆ.

"ಊ ಕಣಪ್ಪ, ಒಂದ್ ಭಾನುವಾರನೂ ತಪ್ಪುಸ್ತಿರ್ನಿಲ್ಲ. ಆದ್ರೆ ಬೀಸೋ ಕಲ್ಗೆ ಈ ಪದಾನೇ ಒಂದ್ಕತದೆ ಅನ್ನೋಳು."

ಫಾದರ್ ಅಜ್ಜಿಯ ಮುಖ ನೋಡಿ ಕಾದರು. ಹಾಡು ಮುಗಿಯುವತನಕ ಅಜ್ಜಿಯ ತುಟಿ ಅಲುಗುತ್ತಿತ್ತು, ಬಲಗೈ ಮಡಿಲಲ್ಲೇ ಕಲ್ಲು ತಿರುಗಿಸುವಂತೆ ಸುತ್ತುತ್ತಿತ್ತು. ನನ್ನ ಅಜ್ಜಿಯ ಕೈಯೂ ಹಾಗೇ ಸುತ್ತುತ್ತಿದ್ದದ್ದು ನೆನಪಾಯಿತು.

ಎಲ್ಲ ಧರ್ಮಗಳೂ ಒಂದೇ ಎಂದು ಭಾಷಣ ಮಾಡುವವರಿಗೆ ಎಷ್ಟೋ ಸಲ ಮೈಕ್ ಕೊಟ್ಟಿದ್ದೇನೆ. ಅದನ್ನು ನಂಬಿದ್ದು ಅವತ್ತೇ. ಆದರೂ ಮುಂದಿನ ವಾರ ಮಾದಪ್ಪನ ಗುಡಿಯಲ್ಲಿ ಹಾಡು ಹಾಕುವ ಮುಂಚೆ ಎರಡೆರಡು ಸಲ ನೋಡಿಕೊಂಡೆ.