ಹನ್ನೊಂದು ಕಡೆ ಸದ್ದಿಲ್ಲದ ಸಿನಿಮಾ

ನಿವೃತ್ತಿಯ ಹಿಂದಿನ ವರ್ಷ ನಾನು ಮುಂಬೈಯ ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಕ್ವಾಲಿಟಿ ಕಂಟ್ರೋಲ್ ಮುಖ್ಯಸ್ಥನಾಗಿದ್ದೆ. ನಮ್ಮ ಬಾಯಲ್ಲಿ ಅದು ಕ್ಯೂಸಿ. ಥಿಯೇಟರಿಗೆ ಹೋಗುವ ಮೊದಲು ಸಿನಿಮಾದ ಕೊನೆಯ ಫೈಲನ್ನು ಪೂರ್ತಿ ನೋಡಿ, ಚಿತ್ರ ಎಲ್ಲಿ ಕುಣಿಯಿತು, ಸದ್ದು ಎಲ್ಲಿ ಕೆಟ್ಟಿತು ಎಂದು ಬರೆಯುವ ಕೆಲಸ. ವಡಾಲದಿಂದ ಲೋಕಲ್ ರೈಲು ಹಿಡಿದು ಬಂದು ದಿನಕ್ಕೆ ಎರಡು ಸಿನಿಮಾ ನೋಡುತ್ತಿದ್ದೆ. ಆದರೆ ಯಾರಾದರೂ ಕಥೆ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುವುದೇ ಸಂಬಳದ ಕೆಲಸವಾದವನಿಗೆ ಮೊಸರಿನ ರುಚಿ ಎಲ್ಲಿಂದ ತಿಳಿಯಬೇಕು.

ಒಂದು ಬುಧವಾರ ‘ಲಿಫ್ಟ್‌ಮ್ಯಾನ್ ರಜೆಯಲ್ಲಿದ್ದಾರೆ’ ಎಂಬ ಕನ್ನಡ ಸಿನಿಮಾ ಬಂತು. ನಿರ್ದೇಶಕಿ ಸುಪ್ರೀತಾ, ಗ್ರಾಂಟ್ ರೋಡಿನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮಗಳು. ಇದು ಆಕೆಯ ಮೊದಲ ದೊಡ್ಡ ಸಿನಿಮಾ. ಶುಕ್ರವಾರ ಸಂಜೆಯೊಳಗೆ ಪಾಸಾದರೆ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶನ, ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಲಾಡ್ಜೊಂದರ ಲಿಫ್ಟ್‌ಮ್ಯಾನ್ ‘ಲಿಫ್ಟ್ ಕೆಟ್ಟಿದೆ’ ಎಂದು ಬೋರ್ಡ್ ಹಾಕಿ, ಲಿಫ್ಟಿನೊಳಗೇ ವಾಸ ಹೂಡುವ ಕಥೆ.

ಅದರಲ್ಲಿ ಹನ್ನೊಂದು ಕಡೆ ತುಟಿ ಆಡುತ್ತದೆ, ಕೆಳಗೆ ಸಬ್‌ಟೈಟಲ್ ಬರುತ್ತದೆ, ಸದ್ದು ಮಾತ್ರ ಸೊನ್ನೆ. ಸಿನಿಮಾದಲ್ಲಿ ಯಾರೂ ಮಾತಾಡದಿದ್ದರೂ ಫ್ಯಾನಿನದೋ ರಸ್ತೆಯದೋ ಸಣ್ಣ ಸದ್ದು ಇದ್ದೇ ಇರುತ್ತದೆ. ಅದೂ ಇಲ್ಲವೆಂದರೆ ಡ್ರಾಪೌಟ್, ಅಂದರೆ ಫೈಲಿನಲ್ಲಿ ಸದ್ದು ಬಿಟ್ಟುಹೋಗಿದೆ ಎಂದರ್ಥ. ಹನ್ನೊಂದನ್ನೂ ಬರೆದು ಫೇಲ್ ಮಾಡಿ ಮನೆಗೆ ಹೋಗಿ ಸುಖವಾಗಿ ಮಲಗಿದೆ.

ಗುರುವಾರ ಬೆಳಿಗ್ಗೆ ಸುಪ್ರೀತಾ ನನಗಿಂತ ಮೊದಲೇ ಬಂದು ಕೂತಿದ್ದಳು. ಅದು ಮಿಸ್ಟೇಕ್ ಅಲ್ಲ, ಬೇಕೆಂದೇ ಮಾಡಿದ್ದು ಎಂದಳು. ಎಲ್ಲ ನಿರ್ದೇಶಕರೂ ಹೇಳುವುದು ಅದನ್ನೇ ಎಂದೆ. ಆಕೆ ಜಗಳಕ್ಕೆ ಬರಲಿಲ್ಲ. ಒಂದು ಪೆನ್‌ಡ್ರೈವ್ ಮುಂದಿಟ್ಟಳು.

“ಅಂಕಲ್, ಇದ್ರಲ್ಲಿ ನಂದು ಮೂರು ಶಾರ್ಟ್ ಫಿಲ್ಮ್ ಉಂಟು. ಪೆಹಲೇ ಇದು ನೋಡಿ, ಬಾದ್‌ಮೇ ಫೇಲ್ ಮಾಡಿ.”

ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಿಕೊಂಡು ನೋಡಿದೆ. ಮೊದಲನೆಯದರಲ್ಲಿ ಚೆಂಬೂರಿನ ಅಜ್ಜಿಯೊಬ್ಬಳು ತನ್ನ ಬಾಲ್ಕನಿಯಲ್ಲೇ ಕೂತು, ‘ಸ್ಟೇಷನ್ನಿನಲ್ಲಿದ್ದೇನೆ, ಹೊರಟೇಬಿಟ್ಟೆ’ ಎಂದು ತಂಗಿಗೆ ಫೋನ್ ಮಾಡುತ್ತಾಳೆ. ಎರಡನೆಯದರಲ್ಲಿ ವೇಟರನೊಬ್ಬ ಕೊನೆಯ ಪ್ಲೇಟ್ ಇಡ್ಲಿಯನ್ನು ತನಗೆಂದು ಬಚ್ಚಿಟ್ಟು ‘ಖಾಲಿ’ ಎನ್ನುತ್ತಾನೆ. ಮೂರನೆಯದರಲ್ಲಿ ಹಾರ್ಬರ್ ಲೈನ್ ಲೋಕಲಿನಲ್ಲಿ ಒಬ್ಬ ಪಕ್ಕದ ಸೀಟಿಗೆ ಪೇಪರ್ ಹಾಸಿ, ‘ಜನ ಇದ್ದಾರೆ’ ಎಂದು ಇಲ್ಲದ ಗೆಳೆಯನಿಗೆ ಜಾಗ ಹಿಡಿಯುತ್ತಾನೆ. ಮೂರರಲ್ಲೂ ಆ ಸುಳ್ಳು ಮಾತು ಬರುವಾಗ ಸದ್ದು ಮಾಯ. ಸುಳ್ಳು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಇಡ್ಲಿಯವನನ್ನು ನೋಡಿ ನಕ್ಕು ನಕ್ಕು ನನ್ನ ಮೊಸರನ್ನ ಹಾಗೇ ಉಳಿಯಿತು. ವೇಟರನ ಮುಖ ನೋಡಲೆಂದೇ ಇನ್ನೊಮ್ಮೆ ಹಾಕಿದೆ.

ರಿಪೋರ್ಟ್ ತೆಗೆದು ಹನ್ನೊಂದಕ್ಕೂ ‘ಉದ್ದೇಶಪೂರ್ವಕ’ ಎಂದು ಬರೆಯಲು ಹೊರಟವನು, ಹಳೆಯ ಚಾಳಿಯಿಂದ ಒಂದೊಂದನ್ನೂ ಮತ್ತೆ ಓಡಿಸಿದೆ. ಮೊದಲ ಹತ್ತೂ ಸುಳ್ಳುಗಳೇ. ಹನ್ನೊಂದನೆಯದರಲ್ಲಿ ಲಿಫ್ಟ್‌ಮ್ಯಾನ್ ತನಗೆ ಹೊರಗೆ ಬರಲು ಭಯ ಎಂದು ಹೆಂಡತಿಗೆ ಹೇಳುತ್ತಾನೆ. ಅಲ್ಲಿ ಕೈ ನಿಂತಿತು. ಸುಪ್ರೀತಾಳನ್ನು ಕರೆದು ಕೇಳಿದೆ. ಎಲ್ಲವೂ ಬೇಕೆಂದೇ ಮಾಡಿದ್ದು, ದಯವಿಟ್ಟು ಯಾವುದನ್ನೂ ಮುಟ್ಟಬೇಡಿ ಎಂದು ಪರದೆ ನೋಡದೆಯೇ ಹೇಳಿದಳು.

“ನಿನ್ನ ಲಿಫ್ಟ್‌ಮ್ಯಾನ್ ಇಲ್ಲಿ ಸುಳ್ಳು ಹೇಳ್ತಿಲ್ಲವಲ್ಲಮ್ಮ,” ಎಂದೆ.

ಆಕೆ ಪರದೆ ನೋಡಿದಳು. ಮುಖ ಬಿಳಿಚಿತು. ಇಡೀ ಸಿನಿಮಾದಲ್ಲಿ ಅವನು ಆಡುವ ಒಂದೇ ಒಂದು ನಿಜ ಅದು. ಆಕೆಯ ಕಂಪ್ಯೂಟರಿನಲ್ಲಿ ಅದರ ಸದ್ದು ಸರಿಯಾಗಿಯೇ ಇತ್ತು, ಥಿಯೇಟರಿನ ಫೈಲ್ ಮಾಡುವಾಗ ಬಿದ್ದುಹೋಗಿತ್ತು. ಹೊಸ ಫೈಲ್ ಶುಕ್ರವಾರ ಮಧ್ಯಾಹ್ನ ಬಂತು. ಸಂಜೆ ಐದೂಕಾಲಕ್ಕೆ ಪಾಸ್ ಮಾಡಿದೆ.

ಪ್ರದರ್ಶನಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಹಾಲ್ ತುಂಬ ನಗುವಿತ್ತು. “ಹೊರಗೆ ಬರ್ಲಿಕ್ಕೆ ನಂಗೆ ಹೆದರಿಕೆ ಆಗ್ತದೆ ಮಾರಾಯ್ತಿ,” ಎಂದು ಲಿಫ್ಟ್‌ಮ್ಯಾನ್ ಹೇಳಿದಾಗ ಆ ನಗು ನಿಂತಿತು. ನನ್ನ ಕಣ್ಣೂ ತುಂಬಿತು.

ಮೆಚ್ಚಿದರೆ ತಪ್ಪು ಕಾಣುವುದಿಲ್ಲ ಎಂದು ನಂಬಿ ಮೂವತ್ತೊಂದು ವರ್ಷ ಯಾವ ಸಿನಿಮಾವನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಆ ಹುಡುಗಿಯ ಕೆಲಸವನ್ನು ಮೆಚ್ಚಿ ನೋಡಿದ್ದಕ್ಕೇ ಅದರ ನಿಜವಾದ ತಪ್ಪು ನನ್ನ ಕೈಗೆ ಸಿಕ್ಕಿತು. ಮನೆಗೆ ಬರುವಾಗ ಲೋಕಲಿನಲ್ಲಿ ಹೆಂಡತಿ ಒಂದು ದೃಶ್ಯ ಅರ್ಥವಾಗಲಿಲ್ಲ ಎಂದಳು. ವಡಾಲ ಬರುವವರೆಗೂ ನಾನು ಅವಳಿಗೆ ಕಥೆ ಹೇಳಿದೆ.